ಕಾರವಾರದ ಉಪ್ಪುಗಾಳಿಯಲ್ಲಿ ಏಳು ವರ್ಷ: ಮಣಿಸರದ ಉಕ್ಕಿನ ತಂತಿ ಮತ್ತು ಅದರ ಜೊತೆಗಾರರು

ನೈಲಾನ್ ಹೊದಿಕೆಯ ಉಕ್ಕಿನ ತಂತಿಯ ಮೊದಲ ಸುರುಳಿಯನ್ನು ನಾನು ತರಿಸಿದ್ದು 2018ರ ಮಳೆಗಾಲ ಮುಗಿದ ಮೇಲೆ. ಅದಕ್ಕೂ ಹಿಂದಿನ ಎರಡು ವರ್ಷ ಬೈತಖೋಲ ಬಂದರಿನ ಬಳಿಯ ಅಂಗಡಿಯಿಂದ ತಂದ ಗಾಳದ ನೈಲಾನ್ ದಾರದಲ್ಲೇ ಸರಗಳನ್ನು ಪೋಣಿಸುತ್ತಿದ್ದೆ. ಮೀನಿನ ಸೆಳೆತಕ್ಕೆ ಜಗ್ಗದ ದಾರ ನಾಲ್ಕು ಮಣಿಗಳ ಭಾರಕ್ಕೆ ಜಗ್ಗೀತೇ ಎಂಬ ನಂಬಿಕೆ ನನ್ನದಾಗಿತ್ತು. ಭಾರವನ್ನು ಅದು ತಡೆಯಿತು ನಿಜ. ಆದರೆ ಸುರುಳಿಯಲ್ಲಿದ್ದಾಗಿನ ಬಾಗು ಅದನ್ನು ಬಿಟ್ಟುಹೋಗಲೇ ಇಲ್ಲ, ಕೊರಳಿಗೆ ಹಾಕಿದ ಸರ ಎದೆಯ ಮೇಲೆ ಮಲಗದೆ ಬಳೆಯಂತೆ ಸೆಟೆದು ನಿಲ್ಲುತ್ತಿತ್ತು. ನುಣುಪಾದ ದಾರವಾದ್ದರಿಂದ ಗಂಟುಗಳು ತಾವಾಗಿಯೇ ಸಡಿಲಗೊಳ್ಳುತ್ತಿದ್ದವು, ಕಿಟಕಿಯ ಬಿಸಿಲಿಗೆ ತೂಗುಹಾಕಿದ್ದ ಸರಗಳ ದಾರ ಒಂದೆರಡು ಬೇಸಿಗೆಗಳಲ್ಲಿ ಪೆಡಸಾಗಿ ಗಂಟಿನ ಬಳಿಯೇ ಮುರಿಯುತ್ತಿತ್ತು.

ಉಕ್ಕಿನ ತಂತಿ ಎಂದರೆ ಒಂದೇ ಗಟ್ಟಿ ತಂತಿಯಲ್ಲ. ಕೂದಲಿಗಿಂತ ತೆಳುವಾದ ಉಕ್ಕಿನ ಎಳೆಗಳನ್ನು ಹುರಿಗೊಳಿಸಿ ಮೇಲೆ ನೈಲಾನ್ ಹೊದಿಸಿರುತ್ತಾರೆ. 7, 19 ಮತ್ತು 49 ಎಳೆಗಳ ಬಗೆಗಳು ಸಿಗುತ್ತವೆ, ಎಳೆಗಳು ಹೆಚ್ಚಾದಷ್ಟೂ ತಂತಿ ಮೃದುವಾಗುತ್ತದೆ. ಬೆಲೆ ಕಡಿಮೆಯೆಂದು ನಾನು ಮೊದಲು ಕೊಂಡದ್ದು 7 ಎಳೆಯದು. ಅದು ಒಮ್ಮೆ ಮುದುರಿತೆಂದರೆ ಆ ಮಡಿಕೆ ಮತ್ತೆ ನೆಟ್ಟಗಾಗುವುದಿಲ್ಲ, ಸರವನ್ನು ಡಬ್ಬಿಯಲ್ಲಿ ಅವಸರದಿಂದ ತುರುಕಿದರೂ ಸಾಕು, ಎರಡು ಮಣಿಗಳ ನಡುವೆ ಮೊಣಕೈಯಂಥ ಕೋನವೊಂದು ಕಾಯಂ ಆಗಿ ಉಳಿದುಬಿಡುತ್ತದೆ. ಉಳಿದದ್ದನ್ನು ಕೈಸರಗಳಿಗೆ ಬಳಸಿ ಮುಗಿಸಿ, 49 ಎಳೆಯ, 0.38 ಮಿಲಿಮೀಟರ್ ದಪ್ಪದ ತಂತಿಗೆ ಬದಲಾದೆ. ಇದು ಹತ್ತಿಯ ದಾರದಂತೆ ಬಳುಕುತ್ತದೆ, ಸೂಜಿಯಿಲ್ಲದೆಯೇ ಮಣಿಗಳನ್ನು ಏರಿಸಬಹುದು. 2019ರಲ್ಲಿ ಇದರಲ್ಲಿ ಮಾಡಿದ ಮೂರೆಳೆಯ ಸರವನ್ನು ಹಬ್ಬ, ಮದುವೆ, ಶಾಲೆಯ ಸಮಾರಂಭ ಎನ್ನದೆ ಧರಿಸಿದ್ದೇನೆ. ಇಂದಿಗೂ ಅದರ ಒಂದು ಎಳೆಯೂ ಹರಿದಿಲ್ಲ. ಮುತ್ತಿಗೆ ಮಾತ್ರ ಇದನ್ನು ಬಳಸಬೇಡಿ. ಮುತ್ತು ಮೃದು ಪದಾರ್ಥ, ಒಂದಕ್ಕೊಂದು ಉಜ್ಜಿದರೆ ಹೊಳಪು ಕಳೆದುಕೊಳ್ಳುತ್ತದೆ. ರೇಷ್ಮೆ ದಾರದಲ್ಲಿ ಪ್ರತಿ ಮುತ್ತಿನ ನಡುವೆ ಗಂಟು ಹಾಕುವ ಹಳೆಯ ಕ್ರಮವೇ ಅದಕ್ಕೆ ಸರಿ, ಸರ ಹರಿದರೂ ಉದುರುವುದು ಒಂದೇ ಮುತ್ತು.

ತಂತಿಗೆ ಗಂಟು ನಿಲ್ಲುವುದಿಲ್ಲವಾದ್ದರಿಂದ ಕ್ರಿಂಪ್ ಎಂಬ ಪುಟ್ಟ ಲೋಹದ ಕೊಳವೆಯಿಂದ ಅದನ್ನು ಬಿಗಿಯಬೇಕು. ಹೊಸಬರು ಸೋಲುವುದು ಬಹುತೇಕ ಇಲ್ಲಿಯೇ. ಮನೆಯ ಸಾಮಾನ್ಯ ಇಕ್ಕಳದಿಂದ ಕೊಳವೆಯನ್ನು ಚಪ್ಪಟೆ ಮಾಡಿದರೆ ಅದರ ಅಂಚು ನೈಲಾನ್ ಹೊದಿಕೆಯನ್ನು ಕೊಯ್ಯುತ್ತದೆ, ಕೊಯ್ದಲ್ಲಿ ಉಪ್ಪಿನ ತೇವ ಒಳಗೆ ಇಳಿಯುತ್ತದೆ. ಕ್ರಿಂಪಿನ ಇಕ್ಕಳಕ್ಕೆ ಎರಡು ಕಚ್ಚುಗಳಿರುತ್ತವೆ: ಒಳಗಿನ ಕಚ್ಚಿನಲ್ಲಿ ಒತ್ತಿದರೆ ಕೊಳವೆಯ ನಡುವೆ ಗೆರೆ ಬಿದ್ದು ಹೋಗುವ ತಂತಿ, ಕೊಂಡಿಯನ್ನು ಸುತ್ತಿ ಮರಳಿ ಬಂದ ಅದರ ತುದಿ ಎರಡೂ ಬೇರೆ ಬೇರೆ ಕೋಣೆ ಸೇರುತ್ತವೆ, ಹೊರಗಿನ ಕಚ್ಚಿನಲ್ಲಿ ಒತ್ತಿದರೆ ಅದು ಮಡಚಿಕೊಂಡು ದುಂಡಗಾಗುತ್ತದೆ. ಒತ್ತುವ ಮೊದಲು ಒಂದೆರಡು ಮಿಲಿಮೀಟರ್ ಸಡಿಲ ಬಿಡಬೇಕು. ಬಿಗಿಯಾಗಿ ಎಳೆದು ಮುಗಿಸಿದ ಸರ ಕೋಲಿನಂತಾಗುತ್ತದೆ. ಕೊಂಡಿಯನ್ನು ಹಿಡಿಯುವ ಕುಣಿಕೆಯಲ್ಲಿ ಕುದುರೆಲಾಳದ ಆಕಾರದ ವೈರ್ ಗಾರ್ಡಿಯನ್ ಎಂಬ ಚಿಕ್ಕ ತುಣುಕನ್ನು ಸೇರಿಸುವ ಅಭ್ಯಾಸ ನನಗೆ 2020ರಿಂದ ಬಂದಿದೆ. ಕಣ್ಣಿಗೆ ಬೀಳದಷ್ಟು ಸಣ್ಣ ವಸ್ತು ಅದು, ಆದರೂ ನನ್ನ ಮೆಚ್ಚಿನ ಬಿಡಿಭಾಗ ಯಾವುದೆಂದು ಕೇಳಿದರೆ ಮಣಿಗಿಂತ ಮೊದಲು ಅದನ್ನೇ ಹೆಸರಿಸುತ್ತೇನೆ. ಅದನ್ನು ಹಾಕಿದ ನಂತರ ಕೊಂಡಿಯ ಬಳಿ ತಂತಿ ಸವೆದ ಒಂದು ಸರವೂ ನನ್ನ ಕೈಗೆ ಮರಳಿ ಬಂದಿಲ್ಲ.

ಅತಿ ಹೆಚ್ಚು ನೊಂದದ್ದು ಕೊಂಡಿಗಳಿಂದ. ಚಿನ್ನದ ಬಣ್ಣದ ಲೇಪವಿದ್ದ ಹಿತ್ತಾಳೆಯ ಕೊಂಡಿಗಳನ್ನು ಒಬ್ಬ ಮಾರಾಟಗಾರರಿಂದ ಐವತ್ತರ ಕಟ್ಟಾಗಿ ತರಿಸಿದ್ದೆ. ಕೋಡಿಬಾಗದ ನಮ್ಮ ಮನೆಗೆ ಒಂದು ಕಡೆ ಕಾಳಿ ನದಿಯ ಅಳಿವೆ, ಇನ್ನೊಂದು ಕಡೆ ಸಮುದ್ರ. ಒಂದೇ ಮಳೆಗಾಲದಲ್ಲಿ ಲೇಪ ಎದ್ದು ಹಸಿರು ಕಿಲುಬು ಕಾಣಿಸಿಕೊಂಡಿತು, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಕೊಂಡಿಯ ಬಾಯಿ ತೆರೆಯದಾಯಿತು. ಅದೇ ಕಟ್ಟಿನ ಕೊಂಡಿಗಳಿದ್ದ ಎರಡು ಸರಗಳು ಶಿರಸಿಯ ತವರುಮನೆಯಲ್ಲಿ ಮೂರು ವರ್ಷ ಹೊಸದರಂತೆಯೇ ಇದ್ದವು. ಮಳೆಗೆ ಅಲ್ಲಿ ಕೊರತೆಯಿಲ್ಲ, ಗಾಳಿಯಲ್ಲಿ ಉಪ್ಪಿಲ್ಲ ಅಷ್ಟೇ. ಆಗ ನಾನು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿಗೆ ಬಂದೆ. ಅದರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪಿನ ಕ್ಲೋರೈಡನ್ನು ಸಾಮಾನ್ಯ 304 ದರ್ಜೆಯ ಉಕ್ಕಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಸ್ಪ್ರಿಂಗ್ ಇಲ್ಲದ, ಬರೀ ಬಾಗಿಸಿದ ಕೊಕ್ಕೆಯಂಥ ಕೊಂಡಿಯನ್ನೇ ಆರಿಸಿ ಎಂಬುದು ಕರಾವಳಿಯವರಿಗೆ ನನ್ನ ಒತ್ತಾಯದ ಮಾತು. ಕಿವಿಯ ಕೊಕ್ಕೆಗಳಿಗೂ ಇದೇ ಉಕ್ಕು ಬಳಸುತ್ತೇನೆ. 92.5ರ ಬೆಳ್ಳಿ ಕಪ್ಪಾದರೂ ಉಜ್ಜಿದರೆ ಬೆಳಗುತ್ತದೆ, ಆದರೆ ಮಳೆಗಾಲ ಮುಗಿಯುವ ಸೆಪ್ಟೆಂಬರಿನವರೆಗೆ ಪ್ರತಿ ವಾರ ಉಜ್ಜುವ ವ್ಯವಧಾನ ಎಷ್ಟು ಮಂದಿಗಿದೆ?

ಕೊಂಡಿಯೇ ದುರ್ಬಲ ಜಾಗವೆಂದು ಅರಿತ ಮೇಲೆ ನನ್ನ ವಿನ್ಯಾಸಗಳೇ ಬದಲಾದವು. ಸುಮಾರು 70 ಸೆಂಟಿಮೀಟರ್ ಉದ್ದದ ಸರ ತಲೆಯ ಮೇಲಿಂದಲೇ ಇಳಿಯುತ್ತದೆ, ಅದಕ್ಕೆ ಕೊಂಡಿ ಬೇಡ. ಗೋಕರ್ಣದ ರಥಬೀದಿಯಲ್ಲಿ ಮಾರುವ ಜಪಮಾಲೆಗಳನ್ನು ನೋಡಿ ಈ ಲೆಕ್ಕ ಹೊಳೆಯಿತು: 8 ಮಿಲಿಮೀಟರಿನ 108 ಮಣಿಗಳೆಂದರೆ 86 ಸೆಂಟಿಮೀಟರು ದಾಟುತ್ತದೆ. ಈಗ ಇಂಥ ಉದ್ದ ಸರಗಳನ್ನೇ ಹೆಚ್ಚು ಮಾಡುತ್ತೇನೆ, ಬೇಕೆಂದಾಗ ಎರಡು ಸುತ್ತು ಸುತ್ತಿಕೊಳ್ಳಬಹುದು.

ವಿನ್ಯಾಸದ ದೊಡ್ಡ ಪಾಠ ಸಿಕ್ಕಿದ್ದು ಅಂಕೋಲೆಯ ಸಂತೆಯಲ್ಲಿ. ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳ ತುಂಬ ಧರಿಸುವ ಮಣಿಸರಗಳನ್ನು ಚಿಕ್ಕಂದಿನಿಂದ ಕಂಡಿದ್ದರೂ, ಸ್ವತಃ ಪೋಣಿಸತೊಡಗಿದ ಮೇಲೆಯೇ ಅವುಗಳ ಹಿಂದಿನ ಜಾಣ್ಮೆ ಅರ್ಥವಾಯಿತು. ಅದೇ ಸಮುದಾಯದ, ಗಿಡ ಬೆಳೆಸಿ ಹೆಸರಾದ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದಾಗ ದೇಶವೆಲ್ಲ ಕಂಡದ್ದು ಆ ಸರಗಳ ರಾಶಿಯನ್ನೇ. ಒಂದೊಂದು ಎಳೆಯೂ ಸಣ್ಣ ಮಣಿಗಳದ್ದು, ಸರಳ. ಹತ್ತಾರು ಎಳೆಗಳು ಒಟ್ಟಾದಾಗ ಬರುವ ಗಾಂಭೀರ್ಯವನ್ನು ಯಾವ ದೊಡ್ಡ ಪದಕವೂ ತರಲಾರದು. ಅಂದಿನಿಂದ ನಾನು ಪದಕಗಳನ್ನು ಬಹುತೇಕ ಕೈಬಿಟ್ಟು, 2 ಮಿಲಿಮೀಟರಿನ ಕರಿಮಣಿಯ ಆರೇಳು ಎಳೆಗಳ ನಡುವೆ ಒಂದೇ ಎಳೆಯಲ್ಲಿ ಹವಳದ ಬಣ್ಣದ ಗಾಜಿನ ಮಣಿಗಳನ್ನು ಬಿಡಿಬಿಡಿಯಾಗಿ ಸೇರಿಸುತ್ತೇನೆ. ನನ್ನ ಕೈಯಿಂದ ಹೊರಟ ಸರಗಳಲ್ಲಿ ಜನ ನಿಲ್ಲಿಸಿ ವಿಚಾರಿಸಿದ್ದು ಇದನ್ನೇ.

ಮಣಿಗಳ ಪೈಕಿ, ಸೂಜಿದಾರದಿಂದ ಮಣಿಗಳನ್ನೇ ಹೆಣೆಯುವ ನೇಯ್ಗೆಯ ಕೆಲಸಕ್ಕೆ ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಮಣಿಗಳಿಗೆ ಸಾಟಿಯಿಲ್ಲ. ಕೊಳವೆಯಾಕಾರದ ಅವು ಇಟ್ಟಿಗೆ ಜೋಡಿಸಿದಂತೆ ಕೂರುತ್ತವೆ, ರಂಧ್ರ ದೊಡ್ಡದಿರುವುದರಿಂದ ಸೂಜಿ ಮೂರು ನಾಲ್ಕು ಬಾರಿ ಹಾಯುತ್ತದೆ. ಬರೀ ಪೋಣಿಸುವ ಕೆಲಸಕ್ಕೆ ಅಷ್ಟು ಹಣ ಸುರಿಯಬೇಕಿಲ್ಲ, ಅಲ್ಲಿ ತುಸು ಅಂಕುಡೊಂಕಾದ ಮಣಿಗಳೇ ಜೀವಂತವಾಗಿ ಕಾಣುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವಾಗ ಬಳೆಯಂಗಡಿಗಳ ಸಾಲಿನಲ್ಲಿ ಸಿಗುವ ಗಾಜಿನ ಮಣಿಗಳನ್ನು ಕೊಂಡಿಟ್ಟುಕೊಳ್ಳುತ್ತೇನೆ. ಉದ್ದ ಕೊಳವೆಯ ಬ್ಯೂಗಲ್ ಮಣಿಗಳ ಅಂಚು ಹರಿತವಾಗಿರುತ್ತದೆ, ಎರಡೂ ತುದಿಗೆ ಒಂದೊಂದು ದುಂಡು ಮಣಿ ಕಾವಲಿಡದಿದ್ದರೆ ದಾರವನ್ನು ಕತ್ತರಿಸಿಬಿಡುತ್ತವೆ. ಗಂಧದ ಮಣಿಗಳು ನನಗೆ ಬಲು ಇಷ್ಟ, ಆದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಈ ವಿಷಯದಲ್ಲಿ ಶಿರಸಿಯೂ ಕಾರವಾರದಷ್ಟೇ ಕಠಿಣ.

ಗುಳಗಂಜಿಯ ಬಗ್ಗೆ ಖಂಡಿತವಾಗಿ ಹೇಳಬೇಕು. ಕೆಂಪು-ಕಪ್ಪಿನ ಆ ಬೀಜದಷ್ಟು ಚೆಲುವಾದ ಮಣಿ ಇಲ್ಲ, ಬೇಲಿಯಲ್ಲಿ ಪುಕ್ಕಟೆಯಾಗಿಯೂ ಸಿಗುತ್ತದೆ. ಆದರೆ ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಗಟ್ಟಿ ಸಿಪ್ಪೆ ಒಡೆಯದಿರುವವರೆಗೆ ವಿಷ ಒಳಗೇ ಉಳಿಯುತ್ತದೆ, ನಾವು ಮಣಿ ಮಾಡಲು ತೂತು ಕೊರೆಯುವುದೇ ಆ ಸಿಪ್ಪೆಯನ್ನು. ಮಕ್ಕಳಿರುವ ಮನೆಗೆ ಅಂಥ ಸರ ಹೋಗಲೇಬಾರದು. ಅದೇ ಬಣ್ಣದ ಗಾಜಿನ ಮಣಿಗಳು ಸಿಗುತ್ತವೆ, ನಾನು ಅವುಗಳನ್ನೇ ಬಳಸುತ್ತೇನೆ.

ಮುಗಿದ ಸರಗಳನ್ನು ಒಣಬಟ್ಟೆಯಿಂದ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಸುತ್ತಿಡದೆ ಚಾಚಿ ಇಡುತ್ತೇನೆ. 49 ಎಳೆಯ ತಂತಿಯ ನಾಲ್ಕನೆಯ ಸುರುಳಿ ಈಗ ಅರ್ಧ ಮುಗಿದಿದೆ. ದೀಪಾವಳಿಗೆ ಮೊದಲು ಐದನೆಯದನ್ನು ತರಿಸಬೇಕು.