ಓಟಿಸ್ ರೆಡ್ಡಿಂಗ್, ಅರೆಥಾ ಫ್ರಾಂಕ್ಲಿನ್: ಮೊದಲು ಯಾರನ್ನು ಕೇಳಬೇಕು?

ಸೋಲ್ (soul) ಸಂಗೀತ, ಅಂದರೆ ಚರ್ಚಿನ ಹಾಡು ಮತ್ತು ಬ್ಲೂಸ್ ಬೆರೆತ ಕಪ್ಪು ಅಮೆರಿಕನ್ನರ ಸಂಗೀತ, ಹೊಸದಾಗಿ ಕೇಳಲು ಹೊರಟಿದ್ದೀರಾ? ಓಟಿಸ್, ಅರೆಥಾ ಇಬ್ಬರೂ ಅದರ ಹೆಸರಾಂತ ಅಮೆರಿಕನ್ ಗಾಯಕರು. ಹಾಗಾದರೆ 'ರೆಸ್ಪೆಕ್ಟ್' ಹಾಡನ್ನು ಎರಡು ಸಲ ಕೇಳಿ. ಬರೆದವರು ಓಟಿಸ್. 1965ರಲ್ಲಿ ಮೊದಲು ಹಾಡಿದವರೂ ಅವರೇ. ಅಲ್ಲಿ ದುಡಿದು ಮನೆಗೆ ಬಂದ ಗಂಡಸು ತನ್ನವಳಿಂದ ಮರ್ಯಾದೆ ಕೇಳುತ್ತಾನೆ. 1967ರಲ್ಲಿ ಅರೆಥಾ ಅದನ್ನೇ ಹೆಣ್ಣಿನ ಬಾಯಲ್ಲಿ ಇಟ್ಟರು. ಆ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಭಾಗ ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ಹಿಂದೆ ದನಿಗೂಡಿಸಿದವರಲ್ಲಿ ಅರೆಥಾ ಅವರ ಅಕ್ಕ, ತಂಗಿ ಇದ್ದರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು ಅರೆಥಾ ಹಾಡಿದ್ದೇ. ಹೆಣ್ಣುಮಕ್ಕಳೂ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದವರೂ ಇದನ್ನು ತಮ್ಮದಾಗಿ ಮಾಡಿಕೊಂಡರು. ಒಂದು ಹಾಡಿನ ಅರ್ಥವನ್ನೇ ಹೀಗೆ ತಿರುಗಿಸೋದು ಸಣ್ಣ ಮಾತಲ್ಲ, ಅಲ್ವಾ?

ಓಟಿಸ್ ದನಿಯಲ್ಲಿ ಒರಟುತನ ಜಾಸ್ತಿ. ಮಾತು ಗಂಟಲಲ್ಲಿ ಸಿಕ್ಕಿ ಬಿರುಕು ಬಿಡುತ್ತದೆ, ಅದೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅವರು ಹಾಡು ಮುದ್ರಿಸುತ್ತಿದ್ದ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದ ತುತ್ತೂರಿಗಳ ಜೊತೆ ಅದು ಇನ್ನೂ ಚೆನ್ನ. ಅವರು 1967ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಬರೀ 26.

ಅರೆಥಾ ಡೆಟ್ರಾಯಿಟ್‌ನ ಚರ್ಚಿನಲ್ಲಿ ಹಾಡುತ್ತಾ ಬೆಳೆದವರು. ಪಿಯಾನೋ ಕೂಡ ತಾವೇ ನುಡಿಸುತ್ತಿದ್ದರು. ದೊಡ್ಡ ಸಂಗೀತಗಾರರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ 1987ರಲ್ಲಿ ಸೇರಿದ ಮೊದಲ ಮಹಿಳೆ ಇವರು. ಅವರ ಹಿಂದೆ ಹಾಡುತ್ತಿದ್ದ ಸಿಸ್ಸಿ ಹ್ಯೂಸ್ಟನ್ ಅವರ ಮಗಳೇ ಪಾಪ್ ಗಾಯಕಿ ವಿಟ್ನಿ ಹ್ಯೂಸ್ಟನ್.

ಪ್ರಭಾವ ಅಂದರೆ ನನ್ನ ಮತ ಅರೆಥಾಗೆ. ಆದರೆ ಮನಸ್ಸು ಭಾರವಾದ ರಾತ್ರಿ ಓಟಿಸ್ ಹಾಕಿಕೊಳ್ಳಿ.