ಕಾಸರಗೋಡಿನಲ್ಲಿ ಎಂಎಂಎ ತರಬೇತಿ: ಕಬಡ್ಡಿ ಆಟಗಾರನೊಬ್ಬನ ಎರಡೂವರೆ ವರ್ಷದ ಅನುಭವ

ಕಾಸರಗೋಡು ಪೇಟೆಯ ಹೊಸ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಒಂದು ತರಬೇತಿ ಕೇಂದ್ರದಲ್ಲಿ ಎರಡೂವರೆ ವರ್ಷಗಳಿಂದ ನಾನು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ನಿಂತು ಹೊಡೆಯುವುದೂ ನೆಲದ ಮೇಲೆ ಹಿಡಿದು ಸೆಣಸುವುದೂ ಸೇರಿದ ಎಂಎಂಎ ಕಲಿಯುತ್ತಿದ್ದೇನೆ. ತಿಂಗಳಿಗೆ 1,800 ರೂಪಾಯಿ ಶುಲ್ಕ, ವಾರಕ್ಕೆ ನಾಲ್ಕು ಸಂಜೆ ತರಗತಿ. ಬದಿಯಡ್ಕದ ಕಡೆಯಿಂದ ಚೆರ್ಕಳ ದಾರಿಯಾಗಿ ಬರುವ ನನಗೆ ಹೆದ್ದಾರಿ ಕಾಮಗಾರಿಯ ದಿನಗಳಲ್ಲಿ ತರಗತಿಗಿಂತ ಬಸ್ಸಿನ ಪ್ರಯಾಣವೇ ಹೆಚ್ಚು ದಣಿವು ತಂದದ್ದುಂಟು. ಸೇರುವಾಗ ನನಗೆ 31 ವರ್ಷ, ತೂಕ 70 ಕಿಲೋ. ಹಗಲು ಅಡಿಕೆ ತೋಟದ ಕೆಲಸ. ಅದಕ್ಕೆ ಮೊದಲು ಹತ್ತು ವರ್ಷ ಊರಿನ ಕಬಡ್ಡಿ ತಂಡದಲ್ಲಿ ಎಡ ಕಾರ್ನರಿನ ಆಟಗಾರ.

ಕಬಡ್ಡಿ ಆಡಿದವನಿಗೆ ಇದು ಸುಲಭವಾದೀತು ಎಂದು ಭಾವಿಸಿದ್ದೆ. ಆ ಭಾವನೆ ಅರ್ಧದಷ್ಟು ನಿಜವಾಯಿತು. ಎದುರಾಳಿಯ ಕಾಲಿಗೆ ನುಗ್ಗಿ ಅವನನ್ನು ನೆಲಕ್ಕೆ ಕೆಡಹುವ ಟೇಕ್‌ಡೌನ್ ನನಗೆ ಮೊದಲ ವಾರದಲ್ಲೇ ಒಲಿಯಿತು. ತೊಡೆ ಹಿಡಿಯುವ ಸಮಯಪ್ರಜ್ಞೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಕಬಡ್ಡಿಯಲ್ಲಿ ರೈಡರನ ಪಾದಕ್ಕೆ ಎರಗುವಾಗ ತಲೆ ತಗ್ಗಿರುತ್ತದೆ, ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ, ಅದರಿಂದ ಅಲ್ಲಿ ಯಾವ ನಷ್ಟವೂ ಇಲ್ಲ. ಇಲ್ಲಿ ಅದೇ ಕುತ್ತಿಗೆ ಎದುರಾಳಿಯ ಕಂಕುಳಿಗೆ ತಾನಾಗಿಯೇ ಹೋಗಿ ಸೇರುತ್ತದೆ. ಗಿಲ್ಲೊಟಿನ್ ಎಂಬ ಆ ಹಿಡಿತ ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದು. ಅದಕ್ಕೆ ಮೊದಲೇ ಎದುರಾಳಿಯ ಮೈಯನ್ನು ತಟ್ಟಿ ಸೋಲೊಪ್ಪಬೇಕು. ಮೊದಲ ಎರಡು ತಿಂಗಳು ನಾನು ತಟ್ಟಿದ್ದೇ ತಟ್ಟಿದ್ದು. ತಲೆಯನ್ನು ಎದುರಾಳಿಯ ಪಕ್ಕೆಗೆ ಒತ್ತಿ, ದೃಷ್ಟಿಯನ್ನು ಮೇಲಿಟ್ಟು ನುಗ್ಗುವುದನ್ನು ರೂಢಿಸಿಕೊಳ್ಳಲು ಆರು ತಿಂಗಳು ಬೇಕಾಯಿತು.

ಇದಕ್ಕಿಂತ ಆಳದಲ್ಲಿ ಬೇರೂರಿದ್ದ ಅಭ್ಯಾಸವೆಂದರೆ ವಿಸಿಲಿಗಾಗಿ ಕಾಯುವುದು. ಕಬಡ್ಡಿಯ ರೈಡ್ ಮೂವತ್ತು ಸೆಕೆಂಡಿನದು. ಹಿಡಿದು ಬೀಳಿಸಿದರೆ ವಿಸಿಲ್ ಆಗುತ್ತದೆ, ಎದ್ದು ಮೈಕೊಡವಿ ಉಸಿರು ತೆಗೆದುಕೊಳ್ಳಬಹುದು. ಎಂಎಂಎಯಲ್ಲಿ ವೃತ್ತಿಪರರ ಸುತ್ತು ಐದು ನಿಮಿಷದ್ದು, ನಡುವೆ ಒಂದೇ ನಿಮಿಷದ ಬಿಡುವು. ಕೆಡಹಿದ ಮೇಲೆಯೇ ನಿಜವಾದ ಕೆಲಸ ಆರಂಭ. ನಾನಾದರೋ ಕೆಡಹಿದ ಕೂಡಲೇ ನನಗರಿವಿಲ್ಲದೆ ಸಡಿಲಾಗುತ್ತಿದ್ದೆ, ಆ ಅರೆಕ್ಷಣದಲ್ಲಿ ಕೆಳಗಿದ್ದವನು ಮಗ್ಗುಲಾಗಿ ನನ್ನ ಬೆನ್ನೇರುತ್ತಿದ್ದ. ದೇಹ ಒಗ್ಗಿಸಿಕೊಂಡದ್ದನ್ನು ಬುದ್ಧಿಮಾತಿನಿಂದ ಬಿಡಿಸಲಾಗುವುದಿಲ್ಲ ಎಂಬುದನ್ನು ನಮ್ಮ ಕೋಚ್ ಚೆನ್ನಾಗಿ ಬಲ್ಲರು.

ಅವರ ವಿಧಾನವೇ ಈ ಕೇಂದ್ರಕ್ಕೆ ಹಣ ಕೊಡಲು ನನಗಿರುವ ಮುಖ್ಯ ಕಾರಣ. ಶುಕ್ರವಾರಗಳಂದು ಒಬ್ಬನನ್ನು ನಡುವೆ ನಿಲ್ಲಿಸಿ, ನಿಮಿಷಕ್ಕೊಬ್ಬರಂತೆ ದಣಿಯದ ಹೊಸ ಎದುರಾಳಿಗಳನ್ನು ಐದು ನಿಮಿಷ ಕಳುಹಿಸುತ್ತಾರೆ. ಆರಂಭವೇ ಸೋಲಿನ ಭಂಗಿಯಿಂದ, ಅಂಗಾತ ಬಿದ್ದು ಎದೆಯ ಮೇಲೆ ಒಬ್ಬ ಕುಳಿತಿರುವಂತೆ. ಮೂರನೆಯ ನಿಮಿಷದಲ್ಲಿ ಮನಸ್ಸು ಗಡಿಯಾರವನ್ನೇ ಹುಡುಕುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ, ಗಾಬರಿಯಿಂದ ತಳ್ಳಿದ ಕೈ ಎದುರಾಳಿಗೆ ತಾನಾಗಿ ಸಿಗುತ್ತದೆ. ಆಗ ಕೋಚ್ ಬದಿಯಿಂದ ಹೇಳುವುದು ಒಂದೇ ಮಾತು, ಮಲಯಾಳದಲ್ಲಿ: ‘ಶ್ವಾಸಂ ವಿಡ್.’ ಉಸಿರು ಬಿಡು ಎಂದಷ್ಟೇ ಅರ್ಥ. ನೀಳವಾಗಿ ಉಸಿರು ಬಿಟ್ಟರೆ ಭುಜ ಇಳಿಯುತ್ತದೆ, ಭುಜ ಇಳಿದರೆ ಮೊಣಕೈ ಪಕ್ಕೆಗೆ ಅಂಟುತ್ತದೆ, ಆಮೇಲೆ ಕಲಿತದ್ದು ನೆನಪಾಗುತ್ತದೆ. ಮಾನಸಿಕ ತರಬೇತಿ ಎಂಬ ಹೆಸರಿನ ಪ್ರತ್ಯೇಕ ತರಗತಿ ಇಲ್ಲಿಲ್ಲ. ಇದ್ದಿದ್ದರೆ ನಾನು ಬಹುಶಃ ನಿದ್ದೆ ಮಾಡುತ್ತಿದ್ದೆ. ಪಾಠ ಮಲಯಾಳ, ತುಳು, ಕನ್ನಡ ಮೂರೂ ಬೆರೆತು ನಡೆಯುವುದರಿಂದ ಕನ್ನಡ ಮಾತ್ರ ಬಲ್ಲವರು ಹಿಂಜರಿಯಬೇಕಾಗಿಲ್ಲ.

ದೂರುಗಳು ಇಲ್ಲದಿಲ್ಲ, ಎಲ್ಲವನ್ನೂ ಕೋಚ್‌ಗೆ ಎದುರಿಗೇ ಹೇಳಿದ್ದೇನೆ. ಮಳೆಗಾಲದಲ್ಲಿ ಮ್ಯಾಟುಗಳು ಒಣಗುವುದೇ ಇಲ್ಲ; ಎರಡು ವರ್ಷವೂ ಆಷಾಢದಲ್ಲಿ ನನ್ನ ತೋಳಿನಲ್ಲಿ ಹುಳುಕಡ್ಡಿ ಎದ್ದು, ಇನ್ನೊಬ್ಬರಿಗೆ ಹರಡಬಾರದೆಂದು ಮೂರು ಮೂರು ವಾರ ಮನೆಯಲ್ಲೇ ಕುಳಿತೆ. ಆ ವಾರಗಳ ಶುಲ್ಕ ಮರಳಲಿಲ್ಲ. ಜನ ಕಡಿಮೆ ಇದ್ದ ದಿನ 85 ಕಿಲೋದವನೊಡನೆ ಸ್ಪಾರಿಂಗ್, ಅಂದರೆ ಅಭ್ಯಾಸದ ಹೊಡೆದಾಟ ಮಾಡಿಸಿದ್ದೂ ಸರಿಯಲ್ಲ. ಪಕ್ಕೆ ನೋವಿನಿಂದ ಒಂದು ತಿಂಗಳು ಅಡಿಕೆ ಗೋಣಿ ಎತ್ತಲಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ತೂಕ ಇಳಿಸುವ ವಿಷಯದ್ದು. ಕಳೆದ ವರ್ಷ ಮಂಗಳೂರಿನ ಒಂದು ಅಮೆಚೂರ್ (ಹವ್ಯಾಸಿ) ಪಂದ್ಯಕ್ಕಾಗಿ ನಾನು 65.8 ಕಿಲೋದ ಫೆದರ್‌ವೇಟ್ ವಿಭಾಗಕ್ಕೆ ಇಳಿಯಬೇಕಿತ್ತು. ಎರಡು ತಿಂಗಳು ಅನ್ನ ಕಡಿಮೆ ಮಾಡಿ ನಿಧಾನವಾಗಿ ಇಳಿಸಬೇಕಾದದ್ದನ್ನು, ಹಿರಿಯ ವಿದ್ಯಾರ್ಥಿಗಳ ಮಾತು ಕೇಳಿ ಕೊನೆಯ ಮೂರು ದಿನ ನೀರು ಬಿಟ್ಟು, ಪ್ಲಾಸ್ಟಿಕ್ ಕೋಟು ತೊಟ್ಟು ಓಡಿ ಇಳಿಸಿದೆ. ತೂಕವೇನೋ ಸರಿಯಾಯಿತು, ಆದರೆ ಹಾಗೆ ಹಿಂಡಿ ತೆಗೆದ ನೀರು ಒಂದು ರಾತ್ರಿಯಲ್ಲಿ ಮೈಗೆ ಪೂರ್ತಿ ಮರಳುವುದಿಲ್ಲ. ಎರಡನೆಯ ಸುತ್ತಿನಲ್ಲಿ ಎರಡೂ ಮೀನಖಂಡಗಳು ಹಿಡಿದುಕೊಂಡವು, ತೀರ್ಪುಗಾರರ ಅಂಕಗಳಲ್ಲಿ ಸೋತೆ. ಸ್ಪರ್ಧೆಗೆ ಕಳುಹಿಸುವ ಕೇಂದ್ರವು ಆಹಾರದ ಬಗ್ಗೆ ತಿಳಿದ ಒಬ್ಬರನ್ನಾದರೂ ಗೊತ್ತುಮಾಡಬೇಕಿತ್ತು.

ಸಲಕರಣೆಗಳನ್ನು ನಾವೇ ಕೊಳ್ಳಬೇಕು. ಸ್ಪರ್ಧೆಯ ನಾಲ್ಕು ಔನ್ಸಿನ ಗ್ಲೌಸನ್ನು ಮೊದಲೇ ಕೊಂಡು ನಾನು ಹಣ ಹಾಳುಮಾಡಿದೆ. ಅಭ್ಯಾಸದ ಹೊಡೆದಾಟಕ್ಕೆ ಹದಿನಾರು ಔನ್ಸಿನ ದಪ್ಪ ಗ್ಲೌಸು, ಬಿಸಿನೀರಿನಲ್ಲಿ ಮೆದುವಾಗಿಸಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಮೌತ್‌ಗಾರ್ಡ್, ಮೊಣಕಾಲಿನ ಕೆಳಗಿನ ಪ್ಯಾಡ್ ಇವಿಷ್ಟೇ ಮೊದಲ ವರ್ಷಕ್ಕೆ ಸಾಕು.

ಮುಂದಿನ ಆರು ತಿಂಗಳ ಶುಲ್ಕ ಕಟ್ಟಿದ್ದೇನೆ. ಮ್ಯಾಟುಗಳನ್ನು ದಿನವೂ ಔಷಧಿ ಹಾಕಿ ಒರೆಸುವುದಾಗಿ ಕೋಚ್ ಒಪ್ಪಿದ್ದಾರೆ. ಹಾಗಿದ್ದರೂ ಜೂನ್, ಜುಲೈ ತಿಂಗಳಲ್ಲಿ ನಾನು ನಿಂತು ಹೊಡೆಯುವ ತರಗತಿಗೆ ಮಾತ್ರ ಬರುತ್ತೇನೆಂದು ತಿಳಿಸಿದ್ದೇನೆ.