ಉಣುಗಿಗೆ ಎಣ್ಣೆಯೋ, ಸೊಪ್ಪಿನ ರಸವೋ, ಪ್ಯಾಕೆಟ್ ಪುಡಿಯೋ?

ಮೊದಲೇ ಹೇಳಿಬಿಡುತ್ತೇನೆ, ದನದ ಮೈಯ ಉಣುಗು ಓಡಿಸಲು ನನ್ನ ಓಟು ಕಹಿಬೇವು-ಹೊಂಗೆ ಎಣ್ಣೆಗೆ. ಬದಿಯಡ್ಕ ಕಡೆಯ ನಮ್ಮ ಹಟ್ಟಿಯಲ್ಲಿ ಇರುವುದು ಒಂದು ಕಾಸರಗೋಡು ಗಿಡ್ಡ (ಕುಳ್ಳ ನಾಟಿ ದನ), ಒಂದು ಜರ್ಸಿ ಕ್ರಾಸ್, ಅದರ ಕರು. ಅಂಗಳದಲ್ಲಿ ಒಂದು ನಾಯಿ. ಇಷ್ಟೇ ಸಂಸಾರದವರಿಗೆ ಹೇಳುವ ಮಾತು ಇದು, ಡೈರಿ ಇಟ್ಟವರಿಗಲ್ಲ.

ಬರೆಯಲು ಕಾರಣ ಒಂದು ಪ್ಯಾಕೆಟ್. ಆನ್‌ಲೈನಿನಲ್ಲಿ ತರಿಸಿದ್ದು, ಕಾಲು ಕಿಲೋ ಪುಡಿಗೆ ಒಂದು ಮೂಟೆ ಹಿಂಡಿಯ ಅರ್ಧ ದುಡ್ಡು. 'ಉಣುಗಿಗೂ, ಉಣುಗು ಕಚ್ಚಿ ಬರುವ ಹುಳುವಿಗೂ ಒಂದೇ ಗಿಡಮೂಲಿಕೆ' ಅಂತ ಲೇಬಲ್ಲು. ಮೈಗೆ ಹಚ್ಚಲೂ ಅದೇ, ಹಿಂಡಿಯಲ್ಲಿ ಕಲಸಿ ತಿನ್ನಿಸಲೂ ಅದೇ. ಒಳಗೆ ಯಾವ ಮೂಲಿಕೆ ಎಷ್ಟು ಅಂತ ಎಲ್ಲೂ ಇಲ್ಲ. ಕ್ರಾಸ್ ದನ ಪುಡಿ ಬೆರೆಸಿದ ಹಿಂಡಿಗೆ ಮೂತಿ ಇಡಲಿಲ್ಲ. ಮೈಗೆ ಹಚ್ಚಿದ್ದು ಒಣಗಿ ಉದುರಿತು, ಉಣುಗು ಕಚ್ಚಿದಲ್ಲೇ ಕೂತಿತ್ತು. ವಾಪಸು ತಗೊಳ್ಳಿ ಅಂದರೆ 'ತೆರೆದ ಪ್ಯಾಕೆಟ್ ಆಗುವುದಿಲ್ಲ' ಅಂತ ಉತ್ತರ. ತೆರೆಯದೆ ಹಚ್ಚುವುದು ಹೇಗೆ ಮಾರಾಯ್ರೆ?

ದುಡ್ಡಿಗಿಂತ ಸಿಟ್ಟು ಬಂದದ್ದು ಆ 'ಕಚ್ಚಿ ಬರುವ ಹುಳು' ಎಂಬ ಮಾತಿಗೆ. ದನದ ಹೊಟ್ಟೆಹುಳ ಬರುವುದು ಮೇಯುವ ಹುಲ್ಲು, ಕುಡಿಯುವ ನೀರಿನಿಂದ. ಉಣುಗು ದನದ ರಕ್ತಕ್ಕೆ ದಾಟಿಸುವುದು ಥೈಲೇರಿಯ, ಬಬೇಸಿಯದಂಥ ಒಂದೇ ಜೀವಕೋಶದ ಪರೋಪಜೀವಿಗಳನ್ನು. ಅವು ಹುಳವೇ ಅಲ್ಲ. ನಾಯಿಗಳಿಗೆ ಮಾತ್ರ ಉಣುಗಿನಿಂದ ದಾಟುವ, ಚರ್ಮದಲ್ಲಿ ವಾಸ ಮಾಡುವ ಒಂದು ಫೈಲೇರಿಯ ಹುಳ ಉಂಟು, ಸರ್ಕೊಪಿಥಿಫೈಲೇರಿಯ ಅಂತ. ಚರ್ಮದ ಮೇಲಿನದ್ದು, ಹೊಟ್ಟೆಯದ್ದು, ರಕ್ತದ್ದು ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಪುಡಿ ಅಂದವರ ಹತ್ತಿರ ಮೂರಕ್ಕೂ ಮದ್ದಿಲ್ಲ ಅಂತಲೇ ಅರ್ಥ.

ಇನ್ನು ಎನ್‌ಡಿಡಿಬಿಯವರು (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಹೈನುಗಾರರಿಗೆ ಹೇಳಿಕೊಡುವ ಸೊಪ್ಪಿನ ರಸ. ಬೆಳ್ಳುಳ್ಳಿ, ಕಹಿಬೇವಿನ ಎಲೆ, ಅದರದ್ದೇ ಕಾಯಿ, ಬಜೆ, ಅರಶಿನ, ಲಂಟಾನದ ಎಲೆ, ತುಳಸಿ. ಅರೆದು ಒಂದು ಲೀಟರ್ ನೀರಿಗೆ ಹಾಕಿ ಸೋಸಿ, ವಾರಕ್ಕೊಮ್ಮೆ ಮೈಗೂ ಹಟ್ಟಿಯ ಸಂದುಗೊಂದಿಗೂ ಬಿಡಬೇಕು. ಪುಡಿಯ ಹಾಗಲ್ಲ, ಇದು ಕೆಲಸ ಮಾಡುತ್ತದೆ. ಮರಿ ಉಣುಗು ಚೆನ್ನಾಗಿ ಕಡಿಮೆಯಾಯಿತು.

ಆದರೆ ಬಾಟ್ಲಿ! ಪೇಟೆಯಲ್ಲಿ ಸಿಗುವ ಕೈ ಒತ್ತುವ ಸ್ಪ್ರೇ ಬಾಟ್ಲಿಗೆ ಈ ರಸ ತುಂಬಿ ನೋಡಿ. ನಾಲ್ಕು ಸಲ ಒತ್ತುವಷ್ಟರಲ್ಲಿ ಅರಶಿನದ ಗಸಿ ತೂತಿನಲ್ಲಿ ಕೂತು ಬಂದ್. ಸೂಜಿ ಹಾಕಿ ಬಿಡಿಸಿದರೆ ಮುಂದಿನ ಒತ್ತಿಗೆ ರಸ ದನಕ್ಕೆ ಹೋಗುವುದಿಲ್ಲ, ಓರೆಯಾಗಿ ಚಿಮ್ಮಿ ನಮ್ಮ ಕಣ್ಣಿಗೇ ಬರುತ್ತದೆ. ಬೆಳ್ಳುಳ್ಳಿ, ಬಜೆ ಸೇರಿದ ರಸ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ. ಅಷ್ಟರಲ್ಲಿ 'ಚುಸ್' ಎಂಬ ಶಬ್ದಕ್ಕೇ ಗಿಡ್ಡಕ್ಕೆ ಪಿತ್ತ ನೆತ್ತಿಗೇರಿ, ಬಕೆಟಿಗೆ ಒದ್ದು, ಅರೆದದ್ದೆಲ್ಲ ಗಂಜಲದ ಚರಂಡಿಗೆ.

ಚಹಾ ಸೋಸುವ ಜಾಲರಿ ಸಾಲಲಿಲ್ಲ. ಬೈರಾಸಿನಲ್ಲಿ (ಟವೆಲಿನಲ್ಲಿ) ಹಿಂಡಿದರೆ ಬೈರಾಸು ಹಳದಿ, ಗಸಿ ಮಾತ್ರ ಹಾಗೇ ಇಳಿಯುತ್ತದೆ. ಕಡೆಗೆ ಅಮ್ಮನೇ ಅಂದದ್ದು, "ಹಿಂಡ್ಬೇಡ ಮಗಾ, ರಾತ್ರಿ ಇಟ್ಟು ಬೆಳಿಗ್ಗೆ ತಿಳಿ ಮಾತ್ರ ಬಗ್ಗಿಸು." ಹಾಗೆ ಮಾಡಿದ ಮೇಲೆ ಬಾಟ್ಲಿ ಸುಧಾರಿಸಿತು. ತೋಟದ ಪಂಪಿನಲ್ಲೇ ಬಿಡುವ ಅಂತ ಯಾರಿಗಾದರೂ ಹೊಳೆದರೆ ದಯವಿಟ್ಟು ಬೇಡ. ಮೈಲುತುತ್ತು ಬಿಟ್ಟ ಪಂಪು ಎಷ್ಟು ತೊಳೆದರೂ ದನದ ಹತ್ತಿರ ತರುವಂಥದ್ದಲ್ಲ. ಇನ್ನೊಂದು ತಾಪತ್ರಯ ಕಹಿಬೇವಿನ ಕಾಯಿ. ನಮ್ಮ ಮಳೆಗೆ ಆ ಮರವೇ ಅಪರೂಪ, ಕಾಯಿ ಇನ್ನೂ ಅಪರೂಪ. ಲಂಟಾನ ದನದ ಪಿತ್ತಜನಕಾಂಗಕ್ಕೆ (ಲಿವರಿಗೆ) ವಿಷ, ಆದ್ದರಿಂದ ರಸ ಒಣಗುವವರೆಗೆ ಮೈ ನೆಕ್ಕದ ಹಾಗೆ ನಿಂತು ಕಾಯಬೇಕು.

ಹೊಗೆಸೊಪ್ಪು ನೆನೆಸಿದ ನೀರು: ನೆರೆಮನೆಯ ಅಣ್ಣನ ಸಲಹೆ. ಉಣುಗು ಉದುರುತ್ತದೆ, ಆದರೆ ನಿಕೋಟಿನ್ ಚರ್ಮದಿಂದ ಒಳಗೆ ಇಳಿಯುವ ವಿಷ. ಕರು ಇರುವ ಹಟ್ಟಿಗೆ ನಾನು ತರಲಿಲ್ಲ.

ಸೀತಾಫಲದ ಬೀಜದ ಪುಡಿಯೂ ಹಾಗೆಯೇ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು.

ಈಗ ಎಣ್ಣೆ. ಕಹಿಬೇವಿನೆಣ್ಣೆ, ಹೊಂಗೆ ಎಣ್ಣೆ ಸಮ ಸಮ, ಖಾರ ಕಡಿಮೆಯಾಗಲು ಅಷ್ಟೇ ತೆಂಗಿನೆಣ್ಣೆ. ಸಂಜೆ ಹಾಲು ಕರೆದಾದ ಮೇಲೆ ಅಂಗೈಗೆ ಹಾಕಿ ಕಿವಿಯ ಒಳಮಡಿಕೆ, ಗಂಗೆದೊಗಲು, ಬಾಲದ ಬುಡ, ತೊಡೆಸಂದು ಇಷ್ಟಕ್ಕೆ ಉಜ್ಜುವುದು. ಉಣುಗು ಇರುವುದೂ ಅಲ್ಲೇ. ಕಚ್ಚಿಕೊಂಡ ದೊಡ್ಡ ಉಣುಗು ತಕ್ಷಣ ಬೀಳುವುದಿಲ್ಲ, ಅದನ್ನು ಕೈಯಲ್ಲೇ ಕೀಳಬೇಕು. ಆದರೆ ಮರಿಗಳು ಬಲಿಯುವುದಿಲ್ಲ. ಕಹಿಬೇವಿನಲ್ಲಿರುವ ಅಜಡಿರಾಕ್ಟಿನ್ ಎಂಬ ಅಂಶ ಅವು ಪೊರೆ ಕಳಚುವುದನ್ನೇ ತಡೆಯುತ್ತದೆ. ಗಿಡ್ಡದ ಕಿವಿ ಮಡಚಿ ನೋಡಿದರೆ ಮೊದಲು ಎಳ್ಳು ಚೆಲ್ಲಿದಂತೆ ಇದ್ದ ಜಾಗದಲ್ಲಿ ಈಗ ಗುಲಾಬಿ ಚರ್ಮ ಕಾಣುತ್ತದೆ. ಸ್ಪ್ರೇಗೆ ಒದೆಯುವ ದನ ಉಜ್ಜುವಾಗ ಕತ್ತು ಚಾಚಿ ನಿಲ್ಲುತ್ತದೆ. ನನಗೂ ದಿನಾ ದನದ ಮೈ ಸವರುವ ಅಭ್ಯಾಸ ಇದ್ದೇ ಇದೆ, ಹಾಗಾಗಿ ಹೆಚ್ಚಿನ ಕೆಲಸ ಅನ್ನಿಸುವುದಿಲ್ಲ. ದೋಷ ವಾಸನೆಯದ್ದು. ಬೆಳಿಗ್ಗೆ ಕೆಚ್ಚಲು ಬಿಸಿನೀರಲ್ಲಿ ತೊಳೆಯದಿದ್ದರೆ ಹಾಲೂ ಕಹಿಬೇವು ನಾರುತ್ತದೆ.

ಯಾವುದನ್ನು ಹಚ್ಚಿದರೂ ಗೋಡೆ ಬಿಟ್ಟರೆ ದಂಡ. ಹೊಟ್ಟೆ ತುಂಬಿದ ಹೆಣ್ಣು ಉಣುಗು ದನದಿಂದ ಕೆಳಗೆ ಬಿದ್ದು ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ಕೆಂಪುಕಲ್ಲಿನ ಗೋಡೆಯಲ್ಲಿ ತೂತಿಗೇನು ಬರವೇ? ಹಟ್ಟಿಗೆ ಹಾಸುವ ಸೊಪ್ಪಿನಲ್ಲೂ ಮರಿಗಳು ಬರುತ್ತವೆ. ಗೋಡೆಗೆ ದಪ್ಪಗೆ ಸುಣ್ಣ ಬಳಿದ ಮೇಲೆಯೇ ಎಣ್ಣೆಯ ಖರ್ಚು ಇಳಿದದ್ದು.

ಹೊಟ್ಟೆಹುಳಕ್ಕೆ ಹಾಗಲಕಾಯಿ, ತುಂಬೆ, ಬಾಳೆದಿಂಡು, ಸಾಸಿವೆ, ಬೆಲ್ಲ ಎಲ್ಲ ಅರೆದು ಉಪ್ಪು ಸವರಿ ಉಂಡೆ ತಿನ್ನಿಸುವ ಕ್ರಮವೂ ಉಂಟು. ಗಿಡ್ಡ ತಿಂದಿತು. ಕರುವಿನ ಸಗಣಿ ತೆಳ್ಳಗಾದಾಗ ಮಾತ್ರ ನಾನು ಪಶು ಆಸ್ಪತ್ರೆಗೆ ಸಗಣಿ ಒಯ್ದು ತೋರಿಸಿ ಮದ್ದು ತಂದೆ. ನಾಯಿಗೆ ಅಡಿಕೆ ಕೊಡಿ ಅನ್ನುವವರಿದ್ದಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಲಾಡಿಹುಳಕ್ಕೆ ಕೊಡುತ್ತಿದ್ದದ್ದು ನಿಜವೇ, ಆದರೆ ಅದು ಜೊಲ್ಲು ಸುರಿಸಿ ಭೇದಿ ಹಿಡಿಸುವ ಮದ್ದು. ಮಾತ್ರೆ ಸಿಗುವ ಕಾಲಕ್ಕೆ ಯಾಕೆ?

ರಕ್ತಕ್ಕೆ ಇಳಿದದ್ದಕ್ಕೆ ಸೊಪ್ಪು, ಎಣ್ಣೆ ಯಾವುದೂ ಇಲ್ಲ. ಜ್ವರ, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ದನದ ಡಾಕ್ಟ್ರು ಬೇಕು. ಥೈಲೇರಿಯಕ್ಕೆ ಬುಪಾರ್ವಕ್ವೋನ್ ಇಂಜೆಕ್ಷನ್, ಬಬೇಸಿಯಕ್ಕೆ ಬೇರೆಯದ್ದು. ನಾಟಿ ದನ ತಡೆದುಕೊಂಡೀತು, ಕ್ರಾಸ್ ತಡೆಯುವುದಿಲ್ಲ.

ಎರಡು ಮೂರು ದನ ಇದ್ದವರು ಎಣ್ಣೆ ಹಿಡಿಯಿರಿ, ಪ್ಯಾಕೆಟಿನ ದುಡ್ಡಿಗೆ ಒಂದು ಹಂಗಾಮು ದಾಟುತ್ತದೆ. ಹತ್ತು ದನ ಇದ್ದವರಿಗೆ ಕೈಯಲ್ಲಿ ಉಜ್ಜುವುದು ಆಗುವ ಮಾತಲ್ಲ, ಅವರು ಸೊಪ್ಪಿನ ರಸವನ್ನೇ ಮಾಡಲಿ, ತಿಳಿ ಬಗ್ಗಿಸಿಕೊಂಡು.